ತುಮಕೂರು ಮಂಡಿಪೇಟೆಯ ಕೀಲಿ ಅಂಗಡಿ: ಹಳೇ ಸ್ಪ್ಲೆಂಡರಿನ ಲಾಕಿಗೆ 450 ರೂಪಾಯಿ ಕೊಟ್ಟೆ, ಸಿಕ್ಕಿದ್ದೇನು?

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ, ಎಲ್ಲರೂ ಕೇಳೋದು ಅದನ್ನೇ. ನಮ್ಮ 2001ರ ಹೀರೋ ಹೋಂಡಾ ಸ್ಪ್ಲೆಂಡರಿನ ಇಗ್ನಿಷನ್ ಲಾಕ್ ಬಿಚ್ಚಿ, ಒಳಗಿನ ಸವೆದ ಪತ್ತಿಗಳನ್ನು (ಕೀಯ ಹಲ್ಲಿಗೆ ಕೂರುವ ತೆಳು ಹಿತ್ತಾಳೆ ತುಂಡುಗಳು) ಬದಲಿಸಿ, ಎರಡು ಹೊಸ ಕೀ ಮಾಡಿಕೊಟ್ಟದ್ದಕ್ಕೆ 450 ರೂಪಾಯಿ. ಬಿಲ್ ಇಲ್ಲ, ಗ್ಯಾರಂಟಿ ಬಾಯಿಮಾತಿನದು, ಫೋನ್‌ಪೇ ನಡೆಯುತ್ತದೆ. ಕೀಲಿ ಕೆಲಸಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ವೈರಿನ ಕೆಲಸಕ್ಕೆ ನಾಲ್ಕು, ಅದೂ ಮನುಷ್ಯ ಒಳ್ಳೆಯವನು ಅಂತ.

ಈ ಅಂಕಗಳನ್ನು ಸ್ವಲ್ಪ ತೂಗಿ ನೋಡಿಕೊಳ್ಳಿ, ಯಾಕೆಂದರೆ ನನ್ನ ಕಣ್ಣು ಮಾಮೂಲಿ ಗಿರಾಕಿಯದಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆಗೆ ಕೂತಿದ್ದವನು ನಾನು. ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ, ಐಗ್ಲಾಸ್ ಮಾತ್ರ ನನ್ನ ಪಾಲಿಗೆ ಉಳಿಯಿತು. ಹಿತ್ತಾಳೆಯ ಸಣ್ಣ ತುಂಡು ಕಂಡರೆ ಅಂಚು ಹೇಗಿದೆ ಅಂತ ತಿರುಗಿಸಿ ನೋಡುವ ಚಟ ಇನ್ನೂ ಹೋಗಿಲ್ಲ. ನಮ್ಮ ಮನೆಯವಳು ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ.

ಗಾಡಿಯ ಸ್ಥಿತಿ ಹೀಗಿತ್ತು. ಕೀ ಹಾಕಿ ತಿರುಗಿಸಿದರೆ ತಿರುಗುತ್ತಿರಲಿಲ್ಲ. ಸ್ವಲ್ಪ ಹೊರಗೆಳೆದು, ಬಲಕ್ಕೆ ಒತ್ತಿ, ಅಲ್ಲಾಡಿಸಿ, ದೇವರನ್ನು ನೆನೆದರೆ ತಿರುಗೋದು. ತಿರುಗಿದ ಮೇಲೆ ಇನ್ನೊಂದು ತಮಾಷೆ: ಇಂಜಿನ್ ಓಡುತ್ತಿರುವಾಗಲೇ ಕೀ ಕೈಗೆ ಬರುತ್ತಿತ್ತು. ಬಿ.ಎಚ್. ರಸ್ತೆಯ ಹಂಪುಗಳಲ್ಲಿ ಅದು ತಾನಾಗಿಯೇ ಉದುರಬಾರದು ಅಂತ ಮಗಳು ಕೀಗೆ ದಾರ ಕಟ್ಟಿ ಹ್ಯಾಂಡಲ್ಲಿಗೆ ಸುತ್ತಿದ್ದಳು. ಇಷ್ಟು ದಿನ ಹೀಗೇ ನಡೆಯಿತು. ನಡೆಯದೇ ಹೋದದ್ದು ಪಕ್ಕದ ಮನೆಯ ಹುಡುಗ ತನ್ನದೇ ಗಾಡಿ ಅಂದುಕೊಂಡು ನಮ್ಮದಕ್ಕೆ ಕೀ ಹಾಕಿ, ತಿರುಗಿಸಿ, ಕಿಕ್ ಹೊಡೆದು, ಗೇಟಿನ ತನಕ ಹೋದಾಗ. ಅವನದೂ ಸ್ಪ್ಲೆಂಡರೇ, ಅವನದೂ ಕಪ್ಪೇ. ಮಗಳು ಬೆಳಿಗ್ಗೆ ಈ ಗಾಡಿಯನ್ನು ತುಮಕೂರು ರೈಲ್ವೆ ಸ್ಟೇಷನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಯಶವಂತಪುರದ ರೈಲು ಹತ್ತುತ್ತಾಳೆ, ಮರಳುವುದು ರಾತ್ರಿ. ಅಷ್ಟು ಹೊತ್ತೂ ಗಾಡಿಗೆ ಕಾವಲಾಗಿ ನಿಂತಿರುವುದು ಈ ಲಾಕು!

ಕೇಳಿದ ಕಡೆಯೆಲ್ಲ ಬೇರೆ ಬೇರೆ ಮದ್ದು ಹೇಳಿದರು. ಒಂದು ಸರ್ವೀಸ್ ಸೆಂಟರಿನಲ್ಲಿ ಕೌಂಟರಿನ ಹುಡುಗ ಗಾಡಿಯ ಹತ್ತಿರವೂ ಬರದೆ "ಸೆಟ್ ಚೇಂಜ್ ಮಾಡ್ಬೇಕು ಅಂಕಲ್" ಅಂದ. ಸೆಟ್ ಎಂದರೆ ಇಗ್ನಿಷನ್ ಲಾಕು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಪಕ್ಕದ ಕವರಿನ ಲಾಕು, ಎಲ್ಲಕ್ಕೂ ಒಂದೇ ಕೀ. ಬಿಡಿಭಾಗದ ಅಂಗಡಿಯಲ್ಲಿ ಅದಕ್ಕೆ ಹೇಳಿದ ಬೆಲೆ 950, ಕೂಲಿ ಬೇರೆ. ಅದಕ್ಕಿಂತ ಅಗ್ಗದ ಸೆಟ್ಟೂ ತೋರಿಸಿದರು. ಮುಚ್ಚಳದ ಕ್ರೋಮ್ ಪಳಪಳ ಅನ್ನುತ್ತಿತ್ತು, ಕೀ ಹಾಕಿದಾಗ ಮಾತ್ರ ಗಡಗಡ ಅಂತಿತ್ತು. ಅಲ್ಲೇ ವಾಪಸ್ ಇಟ್ಟೆ. ನಮ್ಮ ಬೀದಿಯ ಮೆಕ್ಯಾನಿಕ್‌ನದು ಇನ್ನೂ ಸರಳ: ಲಾಕಿನ ವೈರು ಕತ್ತರಿಸಿ ಸೀಟಿನ ಕೆಳಗೆ ಒಂದು ಗುಟ್ಟಿನ ಸ್ವಿಚ್ ಇಡುತ್ತೇನೆ, ಕೀನೇ ಬೇಡ. ಗಾಡಿ ಕದಿಯುವವನು ಮೊದಲು ಕೈ ಹಾಕುವ ಜಾಗವೇ ಅದು.

ಹಾಗಾಗಿ ಮಂಡಿಪೇಟೆ. ಅಂಗಡಿಗೆ ಹೆಸರಿನ ಬೋರ್ಡು ಇಲ್ಲ, ಮರದ ದೊಡ್ಡದೊಂದು ಕೀಲಿಯನ್ನು ಹಳದಿ ಬಣ್ಣ ಬಳಿದು ನೇತು ಹಾಕಿದ್ದಾರೆ. ಒಬ್ಬರು ಕೂರುವಷ್ಟು ಜಾಗ, ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಹಿಂದಿನ ಗೋಡೆ ಪೂರ್ತಿ ಖಾಲಿ ಕೀಗಳು, ಗೋದ್ರೇಜ್ ಬೀರುವಿನದರಿಂದ ಹಿಡಿದು ಟ್ರ್ಯಾಕ್ಟರಿನದರ ತನಕ. ಎದುರಿಗೆ ಕೀ ಕತ್ತರಿಸುವ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಸುತ್ತಿದ ಒಂದು ಹಿಡಿ ಅರಗಳು. ಅರಗಳನ್ನು ಒಂದಕ್ಕೊಂದು ತಾಗದ ಹಾಗೆ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿದ್ದು ನೋಡಿಯೇ ಇಲ್ಲಿ ಕೊಡಬಹುದು ಅನ್ನಿಸಿತು. ಅರವನ್ನು ಡಬ್ಬಿಯೊಳಗೆ ಗುಡ್ಡೆ ಹಾಕುವವನ ಕೈಗೆ ನಾನು ಯಾವ ಕೆಲಸವನ್ನೂ ಕೊಡುವುದಿಲ್ಲ.

ಮೇಸ್ತ್ರಿ ಮೊದಲು ಕೇಳಿದ್ದು ಕೀನಲ್ಲ, ಆರ್‌ಸಿ. ಗಾಡಿಯ ಕೆಎ-06 ನಂಬರನ್ನೂ ಕಾರ್ಡನ್ನೂ ಹೋಲಿಸಿ ನೋಡಿ, ನನ್ನ ಗುರುತಿನ ಚೀಟಿ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಇದಕ್ಕೆ ಒಂದು ಅಂಕ ಜಾಸ್ತಿ. ಕೇಳದೇ ಕೀ ಮಾಡಿಕೊಡುವವನು ನನಗೆ ಮಾಡಿಕೊಟ್ಟಷ್ಟೇ ಸಲೀಸಾಗಿ ಇನ್ನೊಬ್ಬನಿಗೂ ನನ್ನ ಗಾಡಿಯ ಕೀ ಮಾಡಿಕೊಡುತ್ತಾನೆ.

ಆಮೇಲೆ ಕೀ ನೋಡಿದರು. ಬಳಸಿ ಬಳಸಿ ಸೋಪಿನ ಚೂರಿನ ಹಾಗೆ ಆಗಿತ್ತು ಅದು, ಹಲ್ಲುಗಳ ಏರಿಳಿತವೆಲ್ಲ ನುಣ್ಣಗೆ. "ಇದನ್ನ ಮೆಷಿನ್‌ಗೆ ಹಾಕಿ ಡೂಪ್ಲಿಕೇಟ್ ತೆಗೆದ್ರೆ ಸವೆದಿದ್ದಕ್ಕೇ ಡೂಪ್ಲಿಕೇಟ್ ಆಗುತ್ತೆ ಸಾರ್" ಅಂದರು. ಸರಿಯಾದ ಮಾತು. ಬಹಳ ಕಡೆ ಹಾಗೇ ಮಾಡಿ ಐವತ್ತೋ ಎಂಬತ್ತೋ ಇಸಿದುಕೊಂಡು ಕಳಿಸುತ್ತಾರೆ. ಹೊಸ ಕೀ ಹೊಳೆಯುತ್ತದೆ, ಲಾಕು ಮೊದಲಿನ ಹಾಗೇ ಹಟ ಹಿಡಿಯುತ್ತದೆ. ಗಾಡಿ ಹೊಸದಾಗಿದ್ದಾಗ ಬಂದ ಎರಡನೇ ಕೀ ಇದ್ದರೆ ಕೆಲಸ ಸುಲಭ, ಅದನ್ನು ನೋಡಿ ಕತ್ತರಿಸಬಹುದು. ನಮ್ಮದು ಹಳೇ ಮನೆಯಲ್ಲೇ ಎಲ್ಲೋ ಉಳಿದುಹೋಗಿದೆ.

ಇಲ್ಲಿಂದ ಮುಂದೆ ಅವರು ಮಾಡಿದ್ದೇ ನಾನು ಈ ವಿಮರ್ಶೆ ಬರೆಯಲು ಕಾರಣ. ಮೊದಲು ಇಗ್ನಿಷನ್ ಲಾಕನ್ನು ಮುಟ್ಟಲೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಅದರ ಲಾಕನ್ನು ಬಿಚ್ಚಿದರು. ಯಾಕೆ ಅಂದರೆ ಎಲ್ಲ ಲಾಕಿಗೂ ಕೀ ಒಂದೇ, ಆದರೆ ಸವೆತ ಒಂದೇ ಅಲ್ಲ. ಇಗ್ನಿಷನ್ನಿಗೆ ದಿನಕ್ಕೆ ಹತ್ತು ಸಲ ಕೀ ಬೀಳುತ್ತದೆ, ಟ್ಯಾಂಕಿಗೆ ವಾರಕ್ಕೊಮ್ಮೆ, ಪಕ್ಕದ ಕವರಿಗೆ ಟೂಲ್‌ಕಿಟ್ ಬೇಕಾದಾಗ ಮಾತ್ರ. ಹಾಗಾಗಿ ಮೊದಲಿನ ಲೆಕ್ಕ ಆ ಎರಡರಲ್ಲಿ ಹೆಚ್ಚು ಕೆಡದೆ ಉಳಿದಿರುತ್ತದೆ. ಒಳಗಿನ ಪತ್ತಿಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಬಂದ ಸಾಲಿನಲ್ಲೇ ಬಿಳಿ ಬಟ್ಟೆಯ ಮೇಲೆ ಇಟ್ಟರು. ಪತ್ತಿಗಳ ಮೇಲೆ ಸಣ್ಣ ಅಂಕಿ ಒತ್ತಿರುತ್ತಾರೆ, ಆ ಪತ್ತಿಗೆ ಕೀ ಎಷ್ಟು ಆಳ ಕತ್ತರಿಸಬೇಕು ಅನ್ನುವುದಕ್ಕೆ. ಅವರಿಗೆ ಅಂಕಿ ಕಾಣಿಸಲಿಲ್ಲ. ನನ್ನ ಐಗ್ಲಾಸ್ ಜೇಬಿನಲ್ಲೇ ಇತ್ತು, ಕೊಟ್ಟೆ. ಟ್ಯಾಂಕಿನ ಲಾಕಿನಲ್ಲಿ ಪತ್ತಿ ಕಡಿಮೆ, ಕೀಯ ಎಲ್ಲ ಹಲ್ಲಿನ ಲೆಕ್ಕ ಅದೊಂದರಲ್ಲೇ ಸಿಗಲಿಲ್ಲ. ಉಳಿದದ್ದನ್ನು ಪಕ್ಕದ ಕವರಿನ ಲಾಕಿನಿಂದ ತೆಗೆದರು. ಎರಡನ್ನೂ ಕೂಡಿಸಿ ಸಿಗರೇಟ್ ಪ್ಯಾಕಿನ ಹಿಂದೆ ಅಂಕಿಗಳನ್ನು ಬರೆದಿಟ್ಟುಕೊಂಡು, ಖಾಲಿ ಕೀಯನ್ನು ವೈಸಿಗೆ ಕಟ್ಟಿ ಕೈ ಅರದಲ್ಲೇ ಕತ್ತರಿಸಲು ಕೂತರು. ಒಂದೊಂದು ಹಲ್ಲಿಗೂ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ನೋಡುತ್ತಿದ್ದರು.

ಒಂದು ಆಳಕ್ಕೂ ಇನ್ನೊಂದು ಆಳಕ್ಕೂ ವ್ಯತ್ಯಾಸ ಎಷ್ಟು ಅಂದುಕೊಂಡಿರಿ? ನಾನು ಅಳೆದಾಗ ಅರ್ಧ ಮಿಲಿಮೀಟರಿನ ಆಸುಪಾಸು ಬಂತು. ಅಂದರೆ ಕೀ ಕಾಲು ಮಿಲಿಮೀಟರ್ ಸವೆದು, ಪತ್ತಿಯೂ ಅಷ್ಟೇ ಸವೆದರೆ, ಎರಡನೇ ನಂಬರಿನ ಆಳ ಮೂರನೆಯದರಂತೆ ನಡೆದುಕೊಳ್ಳುತ್ತದೆ. ಪಕ್ಕದ ಮನೆಯ ಹುಡುಗನ ಕೀ ನಮ್ಮ ಗಾಡಿಗೆ ಒಗ್ಗಿದ್ದು ಹೀಗೇ.

ಬಿಚ್ಚಿದ ಇಗ್ನಿಷನ್ ಲಾಕನ್ನು ಆಮೇಲೆ ನೋಡಿದೆ. ನೋಡದವರಿಗಾಗಿ ಹೇಳುತ್ತೇನೆ. ಹೊರಗಿನದು ಎರಕದ ಮನೆ, ಅಂದರೆ ಲಾಕಿನ ಹೊರಕವಚ, ಒಳಗೆ ತಿರುಗುವುದು ಬ್ಯಾರಲ್. ಬ್ಯಾರಲಿನಲ್ಲಿ ಅಡ್ಡಡ್ಡ ಸೀಳುಗಳು, ಒಂದೊಂದು ಸೀಳಿನಲ್ಲಿ ಒಂದು ತೆಳು ಹಿತ್ತಾಳೆ ಪತ್ತಿ, ಅದರ ಕಿವಿಗೆ ಒಂದು ಪುಟ್ಟ ಸ್ಪ್ರಿಂಗು. ಪತ್ತಿಯ ನಡುವೆ ಚೌಕ ಕಿಟಕಿ, ಕೀ ಆ ಕಿಟಕಿಗಳನ್ನೆಲ್ಲ ಹಾದು ಹೋಗುತ್ತದೆ. ಕೀ ಇಲ್ಲದಾಗ ಪತ್ತಿಗಳು ಬ್ಯಾರಲಿನಿಂದ ಹೊರಗೆ ಚಾಚಿ ಆ ಎರಕದ ಮನೆಯ ತೋಡಿನಲ್ಲಿ ಕೂತು ತಿರುಗದ ಹಾಗೆ ತಡೆಯುತ್ತವೆ. ಸರಿಯಾದ ಕೀ ಬಿದ್ದರೆ ಎಲ್ಲ ಪತ್ತಿಯೂ ಬ್ಯಾರಲಿನ ಮೈಗೆ ಸಮನಾಗಿ ಒಳಗೆ ಬರುತ್ತವೆ, ಬ್ಯಾರಲ್ ತಿರುಗುತ್ತದೆ. ತಿರುಗಿದ ಮೇಲೆ ಪತ್ತಿಗೆ ಆಚೆ ಈಚೆ ಸರಿಯಲು ಜಾಗವಿಲ್ಲ, ಹಾಗಾಗಿ ಕೀ ಹೊರಗೆ ಬರಬಾರದು. ನಮ್ಮದರಲ್ಲಿ ಕಿಟಕಿಯ ಅಂಚು ಉರುಟಾಗಿ, ಕೀಯ ಹಲ್ಲು ನುಣ್ಣಗಾಗಿ, ಒಂದರ ಮೇಲೊಂದು ಜಾರಿಕೊಂಡು ಕೀ ಆಚೆ ಬರುತ್ತಿತ್ತು. ಎರಡು ಸ್ಪ್ರಿಂಗುಗಳು ಮುರಿದು ಕೊಳೆಯಲ್ಲಿ ಹೂತುಹೋಗಿದ್ದವು. ಕೊಳೆ ಎಂದರೆ ಬರೀ ಧೂಳಲ್ಲ, ವರ್ಷಗಟ್ಟಲೆ ಬಿಟ್ಟ ಇಂಜಿನ್ ಆಯಿಲ್‌ಗೆ ಧೂಳು, ಹಿತ್ತಾಳೆ ಪುಡಿ ಕಲಸಿ ಆದ ಕಪ್ಪು ಮುಲಾಮು. ಲಾಕಿಗೆ ಅದಕ್ಕಿಂತ ಒಳ್ಳೆ ಮರಳುಕಾಗದ ಬೇಕಿಲ್ಲ.

ಪೆಟ್ರೋಲಿನಲ್ಲಿ ಅದ್ದಿ ಬ್ರಷ್ ಹಾಕಿ ತೊಳೆದರು. ಸವೆದ ಪತ್ತಿಗಳನ್ನು ತೆಗೆದು, ತಮ್ಮ ಡಬ್ಬಿಯಲ್ಲಿದ್ದ ಬೇರೆ ಹಳೇ ಲಾಕುಗಳ ಸವೆಯದ ಪತ್ತಿಗಳನ್ನು ಅಂಕಿ ನೋಡಿ ಹೊಂದಿಸಿದರು. ಸ್ಪ್ರಿಂಗುಗಳು ಮಾತ್ರ ಹೊಸವು. ಹೊಸ ಕೀ ಹಾಕಿ ಬ್ಯಾರಲಿನ ಮೇಲೆ ಬೆರಳು ಆಡಿಸಿದರು, ನನ್ನ ಕೈಗೂ ಕೊಟ್ಟರು. ಒಂದು ಕಡೆ ಉಗುರಿಗೆ ತಡೆಯಿತು. "ಮೂರನೇದು" ಅಂದೆ. ಅವರು ನನ್ನ ಮುಖ ನೋಡಿದರು. ಆ ಜಾಗದಲ್ಲಿ ಕೀಗೆ ಅರ ಎರಡು ಸಲ ಎಳೆದರು, ಆಮೇಲೆ ತಡೆಯಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ, ಈ ಅಂಗಡಿಗೆ ಸಂಬಂಧಿಸಿದ್ದಲ್ಲ, ಈ ಕಸುಬಿಗೆ. ಪತ್ತಿ ಹೊರಗೆ ಉಬ್ಬಿದೆ ಅಂದರೆ ಸರಿ ಮಾಡಬೇಕಾದದ್ದು ಕೀಯನ್ನು, ಅಥವಾ ಸರಿಯಾದ ನಂಬರಿನ ಪತ್ತಿಯನ್ನು ಹಾಕಬೇಕು. ಅವಸರದವರು ಉಬ್ಬಿದ ಪತ್ತಿಯ ತಲೆಯನ್ನೇ ಅರದಲ್ಲಿ ಉಜ್ಜಿಬಿಡುತ್ತಾರೆ, ಇನ್ನೂ ಅವಸರದವರು ಪತ್ತಿಯನ್ನೇ ತೆಗೆದು ಬಿಸಾಡುತ್ತಾರೆ. ಲಾಕು ಬೆಣ್ಣೆಯಷ್ಟು ನಯವಾಗಿ ತಿರುಗುತ್ತದೆ, ಗಿರಾಕಿ ಖುಷಿಯಾಗಿ ಮನೆಗೆ ಹೋಗುತ್ತಾನೆ. ಐದರಲ್ಲಿ ಎರಡು ಪತ್ತಿ ಇಲ್ಲದ ಲಾಕಿಗೆ ಊರಿನ ಎಷ್ಟು ಕೀ ಒಗ್ಗುತ್ತವೆ ಅಂತ ಅವನಿಗೆ ಗೊತ್ತಾಗುವುದು ಗಾಡಿ ಹೋದ ಮೇಲೆ. ಹಾಗಾಗಿ ಎಲ್ಲೇ ಮಾಡಿಸಿ, ತೆಗೆದ ಪತ್ತಿಗಳನ್ನು ಕೇಳಿ ಇಸಿದುಕೊಳ್ಳಿ, ಹಾಕಿದ್ದನ್ನು ಮುಚ್ಚುವ ಮೊದಲು ಎಣಿಸಿ. ಜೋಡಿಸಿದ ಮೇಲೆ ಬೇರೆ ಗಾಡಿಯ ಕೀ, ತೆಳ್ಳಗಿನ ಸ್ಕ್ರೂಡ್ರೈವರ್, ಎಲ್ಲ ಹಾಕಿ ನೋಡಿ. ಯಾವುದಕ್ಕೂ ತಿರುಗಬಾರದು. ಇವರ ಕೈಯ ಕೆಲಸ ಎಲ್ಲದರಲ್ಲೂ ಪಾಸಾಯಿತು, ಪಕ್ಕದ ಮನೆಯ ಹುಡುಗನ ಕೀ ಈಗ ಒಳಗೆ ಹೋಗಿ ಸುಮ್ಮನೆ ನಿಲ್ಲುತ್ತದೆ. ನಾನು ಇದನ್ನು ಪರೀಕ್ಷಿಸುವಾಗ ಮೇಸ್ತ್ರಿ ಬೇಜಾರು ಮಾಡಿಕೊಳ್ಳಲಿಲ್ಲ, ತಮ್ಮ ಗೊಂಚಲನ್ನೇ ಕೊಟ್ಟರು.

ಇನ್ನು ನಾಲ್ಕು ಅಂಕದ ಕಥೆ.

ಲಾಕ್ ಎಂದರೆ ಎರಡು ವಸ್ತು. ಮುಂದೆ ಕೀ ಬೀಳುವ ಬ್ಯಾರಲ್, ಹಿಂದೆ ವಿದ್ಯುತ್ತಿನ ಕಾಂಟ್ಯಾಕ್ಟ್ ಪ್ಲೇಟ್. ಬ್ಯಾರಲ್ ತಿರುಗಿದಾಗ ಪ್ಲೇಟಿನೊಳಗಿನ ತಾಮ್ರದ ಸೇತುವೆ ಸರಿದು ವೈರುಗಳನ್ನು ಕೂಡಿಸುತ್ತದೆ. ಈ ಸ್ಪ್ಲೆಂಡರಿನಲ್ಲಿ ನಾಲ್ಕು ವೈರು: ಬ್ಯಾಟರಿಯಿಂದ ಬರುವ ಕೆಂಪು, ಹಾರ್ನು ಇಂಡಿಕೇಟರುಗಳಿಗೆ ಹೋಗುವ ಕಪ್ಪು, ಅರ್ಥಿನ ಹಸಿರು, ಮತ್ತೆ ಸಿಡಿಐಗೆ (ಕಿಡಿ ಹೊಡೆಸುವ ಪೆಟ್ಟಿಗೆ) ಹೋಗುವ ಬಿಳಿ ಗೆರೆಯ ಕಪ್ಪು. ಕೀ ಆನ್ ಆದಾಗ ಕೆಂಪು ಕಪ್ಪು ಕೂಡುತ್ತವೆ. ಆಫ್ ಆದಾಗ ಹಸಿರೂ ಗೆರೆಯ ಕಪ್ಪೂ ಕೂಡುತ್ತವೆ, ಅಂದರೆ ಸಿಡಿಐ ಅರ್ಥ್ ಆಗಿ ಕಿಡಿ ನಿಲ್ಲುತ್ತದೆ. ಇಂಜಿನ್ನಿನ ಕಿಡಿಗೆ ಮ್ಯಾಗ್ನೆಟೋದಿಂದಲೇ ಕರೆಂಟು ಬರುವುದರಿಂದ ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಗಾಡಿ ಎದ್ದೇಳುತ್ತದೆ. ಲಾಕಿನ ಕಪ್ಲರ್, ಅಂದರೆ ಈ ವೈರುಗಳು ಕೂಡುವ ಪ್ಲಗ್ಗನ್ನು, ಪೂರ್ತಿ ಕಿತ್ತರೂ ಎದ್ದೇಳುತ್ತದೆ, ನಿಲ್ಲುವುದೇ ಇಲ್ಲ ಅಷ್ಟೆ.

ನಮ್ಮ ಗಾಡಿಯಲ್ಲಿ ಕೀ ಕಾಟದ ಜೊತೆಗೆ ಇನ್ನೊಂದು ಕಾಟವೂ ಇತ್ತು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದರೆ ಹಾರ್ನ್ ಸಾಯುತ್ತಿತ್ತು, ಕೆಲವು ಸಲ ಆಫ್ ಮಾಡಿದರೂ ಇಂಜಿನ್ ಓಡುತ್ತಿತ್ತು, ಗೇರಿನಲ್ಲಿಟ್ಟು ಕ್ಲಚ್ ಬಿಟ್ಟು ಕೊಲ್ಲಬೇಕಾಗುತ್ತಿತ್ತು. ಮೇಸ್ತ್ರಿಗೆ ಇದನ್ನೂ ಹೇಳಿದ್ದೆ. ಅವರು ಪ್ಲೇಟ್ ಬಿಚ್ಚಿ, ಕಪ್ಪಾದ ಕಾಂಟ್ಯಾಕ್ಟುಗಳನ್ನು ಮರಳುಕಾಗದದಲ್ಲಿ ಉಜ್ಜಿ, ಒಂದು ವೈರಿನ ಬುಡಕ್ಕೆ ಬೆಸುಗೆ ಇಟ್ಟು, ಮೇಲೆ ಕಪ್ಪು ಟೇಪ್ ಸುತ್ತಿ ಕೊಟ್ಟರು. ಬೆಸುಗೆ ನೋಡಿದ ಕೂಡಲೇ ಗೊತ್ತಾಯಿತು, ಹೊಳಪಿಲ್ಲದ ಗುಂಡು ಉಂಡೆ, ವೈರಿನೊಳಗೆ ಇಳಿದಿಲ್ಲ. ಹೇಳಿದೆ. "ನಡಿಯುತ್ತೆ ಸಾರ್" ಅಂದರು. ವಾರ ಕಳೆಯುವುದರೊಳಗೆ ಹಾರ್ನ್ ಮತ್ತೆ ಮೂಕ.

ಆಮೇಲೆ ಅದನ್ನು ನಾನೇ ಮನೆಯಲ್ಲಿ ಸರಿ ಮಾಡಿದೆ. ಹೆಡ್‌ಲೈಟ್ ಬಿಚ್ಚಿದರೆ ಕಪ್ಲರ್ ಸಿಗುತ್ತದೆ. ಮಲ್ಟಿಮೀಟರನ್ನು ಬೀಪ್ ಬರುವ ಕಡೆ ಇಟ್ಟು, ಆನ್‌ನಲ್ಲಿ ಕೆಂಪು-ಕಪ್ಪು, ಆಫ್‌ನಲ್ಲಿ ಹಸಿರು-ಗೆರೆಕಪ್ಪು ನೋಡಿದೆ, ಹಾಗೇ ಹಿಡಿದುಕೊಂಡು ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿದೆ. ಬೀಪ್ ಕಡಿದದ್ದು ಪ್ಲೇಟಿನಲ್ಲಲ್ಲ, ವೈರಿನಲ್ಲಿ. ಹ್ಯಾಂಡಲ್ ತಿರುಗಿದಾಗಲೆಲ್ಲ ಅದೇ ಜಾಗದಲ್ಲಿ ಮಡಿಸಿಕೊಂಡು ಪ್ಲಾಸ್ಟಿಕ್ಕಿನ ಒಳಗೇ ಎಳೆಗಳು ತುಂಡಾಗಿದ್ದವು. ಹೊರಗೆ ಏನೂ ಕಾಣುವುದಿಲ್ಲ. ಸತ್ತ ಭಾಗ ಕತ್ತರಿಸಿ, ಎಳೆಗಳ ಹೊಸ ವೈರು ಸೇರಿಸಿ, ಬೆಸುಗೆಯ ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ, ಹ್ಯಾಂಡಲ್ ತಿರುಗಲು ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ಬರೀ ಕೀ ಕಾಟ ಇರುವವರಿಗೆ ಇದೆಲ್ಲ ಬೇಡ. ಆದರೆ ಹಾರ್ನು, ಇಂಡಿಕೇಟರು ಹ್ಯಾಂಡಲ್ ಜೊತೆ ಬಂದು ಹೋಗುತ್ತಿದ್ದರೆ ಮಂಡಿಪೇಟೆಗೆ ಹೋಗುವ ಮೊದಲು ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೀಗದವನ ಕೈಗೂ ವೈರಿನವನ ಕೈಗೂ ವ್ಯತ್ಯಾಸವಿದೆ.

ಮೇಸ್ತ್ರಿಗೂ ನನಗೂ ಇನ್ನೊಂದು ವಿಷಯಕ್ಕೆ ಜಟಾಪಟಿ ಆಯಿತು. ಎಲ್ಲ ಜೋಡಿಸಿದ ಮೇಲೆ ಅವರು ಹೊಲಿಗೆ ಮೆಷಿನ್ ಎಣ್ಣೆಯ ಡಬ್ಬಿ ಎತ್ತಿದರು. ಬೇಡ ಅಂದೆ. ತುಮಕೂರಿನ ಬೇಸಿಗೆಯ ಧೂಳಿಗೆ ಎಣ್ಣೆ ಬಿಟ್ಟರೆ ಮತ್ತೆ ಅದೇ ಕಪ್ಪು ಮುಲಾಮು. ಗ್ರಾಫೈಟ್ ಪುಡಿ ಇದೆಯೇ ಕೇಳಿದೆ, ಇರಲಿಲ್ಲ. ಎದುರಿನ ಪುಸ್ತಕದಂಗಡಿಯಿಂದ ಮೆತ್ತನೆಯ 6ಬಿ ಪೆನ್ಸಿಲ್ ತಂದು, ಕೀಯ ಎರಡೂ ಮೈಗೆ ದಪ್ಪಗೆ ಗೀಚಿ, ಲಾಕಿಗೆ ಹಾಕಿ ತೆಗೆದು ಹಾಕಿ ತೆಗೆದು ಮಾಡಿದೆ. ಪೆನ್ಸಿಲ್ಲಿನಲ್ಲಿ ಜೇಡಿಯೂ ಇರುತ್ತದೆ, ನಿಜವಾದ ಗ್ರಾಫೈಟ್ ಪುಡಿಯಷ್ಟು ಒಳ್ಳೆಯದಲ್ಲ, ಆದರೆ ಎಣ್ಣೆಗಿಂತ ವಾಸಿ. ಮೇಸ್ತ್ರಿ ನಕ್ಕು ಸುಮ್ಮನಾದರು. ಲಾಕಿನ ಬಾಯಿಗೆ ಧೂಳು ತಡೆಯುವ ಪುಟ್ಟ ಮುಚ್ಚಳ ಇರಬೇಕಿತ್ತು, ಅದು ಯಾವತ್ತೋ ಹೋಗಿದೆ. ಅದಕ್ಕೆ ಅವರಲ್ಲಿ ಸಾಮಾನು ಸಿಗಲಿಲ್ಲ. ಮಳೆಗಾಲಕ್ಕೆ ಮೊದಲು ಏನಾದರೂ ಮಾಡಬೇಕು.

ಹಾಗಾದರೆ ಎಲ್ಲರೂ ರಿಪೇರಿಯನ್ನೇ ಮಾಡಿಸಬೇಕಾ? ಇಲ್ಲ. ಎರಕದ ಮನೆಯೇ ಬಿರುಕು ಬಿಟ್ಟಿದ್ದರೆ, ಯಾರೋ ಕದಿಯಲು ಸ್ಕ್ರೂಡ್ರೈವರ್ ಹಾಕಿ ತಿರುಚಿದ್ದರೆ, ಬ್ಯಾರಲಿನ ಸೀಳುಗಳೇ ಅಗಲವಾಗಿದ್ದರೆ, ಪತ್ತಿ ಬದಲಿಸಿ ಪ್ರಯೋಜನವಿಲ್ಲ, ಒಳ್ಳೆಯ ಕಂಪನಿಯ ಪೂರ್ತಿ ಸೆಟ್ ಹಾಕಿಸಿ. ಟ್ಯಾಂಕಿನ ಲಾಕೂ ಪಕ್ಕದ ಲಾಕೂ ಹಿಂದೆಯೇ ಬದಲಾಗಿ ಮೂರು ಕೀ ಹೊತ್ತು ತಿರುಗುತ್ತಿದ್ದರೂ ಅಷ್ಟೇ, ಸೆಟ್ಟೇ ವಾಸಿ, ಮೂಲ ಲೆಕ್ಕ ಓದಲು ಏನೂ ಉಳಿದಿರುವುದಿಲ್ಲ. ದುಡ್ಡಿನಲ್ಲಿ ಉಳಿತಾಯ ದೊಡ್ಡದೇನಲ್ಲ, ನನಗೆ ಐನೂರರ ಮೇಲೆ ಉಳಿದಿರಬಹುದು, ಅದಕ್ಕೆ ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ನಿಂತೆ. ನನಗೆ ಬೇಕಾಗಿದ್ದದ್ದು ಕಾರ್ಖಾನೆಯಿಂದ ಬಂದ ಲಾಕೇ ಉಳಿಯುವುದು, ಎಲ್ಲಕ್ಕೂ ಒಂದೇ ಕೀ ಇರುವುದು. ಅದು ಸಿಕ್ಕಿತು.

ವಿಮೆಯವರ ಮಾತೂ ಒಂದಿದೆ. ಕಳವಿನ ಕ್ಲೇಮಿಗೆ ಹೋದರೆ ವಿಮಾ ಕಂಪನಿಗಳು ಗಾಡಿಯ ಕೀಗಳನ್ನೆಲ್ಲ ಒಪ್ಪಿಸಿ ಅನ್ನುತ್ತವೆ. ಲಾಕು ಬದಲಿಸಿದ್ದಕ್ಕೋ ಕೀ ಮಾಡಿಸಿದ್ದಕ್ಕೋ ಒಂದು ಚೀಟಿ ಇದ್ದರೆ ಆಗ ಉತ್ತರ ಕೊಡಲು ಸುಲಭ. ಬಿಲ್ ಕೊಡದ ಅಂಗಡಿಗೆ ಅಂಕ ಕಳೆದದ್ದು ಅದಕ್ಕೇ. ಹಳೇ ಗಾಡಿಗಳಿಗೆ ಬಹಳ ಜನ ಕಟ್ಟುವುದು ಥರ್ಡ್ ಪಾರ್ಟಿ ಮಾತ್ರ, ಅದರಲ್ಲಿ ಕಳವಿಗೆ ಬಿಡಿಗಾಸೂ ಬರುವುದಿಲ್ಲ. ಅಂಥವರಿಗೆ ಲಾಕೇ ವಿಮೆ, ಹಿಂದಿನ ಚಕ್ರಕ್ಕೊಂದು ಚೈನೂ ಇರಲಿ.

ಹೋಗುವವರಿಗೆ: ಬೆಳಿಗ್ಗೆ ಹತ್ತೂವರೆ ಮೇಲೆ ತೆರೆಯುತ್ತಾರೆ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಹಬ್ಬದ ಮುಂಚಿನ ವಾರ ಆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಆರ್‌ಸಿ, ಗುರುತಿನ ಚೀಟಿ, ಇರುವ ಎಲ್ಲ ಕೀಗಳು ಜೊತೆಗಿರಲಿ. ಟ್ಯಾಂಕಿನ ಮುಚ್ಚಳ ಬಿಚ್ಚುತ್ತಾರೆ, ಪೆಟ್ರೋಲು ಕಂಠಮಟ್ಟ ತುಂಬಿಸಿಕೊಂಡು ಹೋಗಬೇಡಿ. "ಮೆಷಿನ್‌ನಲ್ಲಿ ಬೇಡ, ಪತ್ತಿ ನೋಡಿ ಕೈಯಲ್ಲೇ ಕೀ ಮಾಡಿ" ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಸಾಮಾನ್ಯ ಡೂಪ್ಲಿಕೇಟ್ ಗಿರಾಕಿ ಅಂದುಕೊಳ್ಳುತ್ತಾರೆ. ಎರಡನೇ ಕೀಗೆ ಬೇರೆ ದುಡ್ಡು ಕೇಳಿದರೆ ಚೌಕಾಸಿ ಮಾಡಿ, 450ರಲ್ಲೇ ಎರಡೂ ಕೊಡುತ್ತಾರೆ.